ಜುಲೈ ಒಂದರ ಅಂದಾಜು

ಲೆಕ್ಕದಲ್ಲಿ ನಮ್ಮ ಊರು ವರ್ಷಕ್ಕೆ ಒಂದೇ ದಿನ ಇರುತ್ತದೆ,
ಜುಲೈ ಒಂದನೇ ತಾರೀಕು. ಅದೂ ಅಂದಾಜಿಗೆ.
ಹುಟ್ಟಿದವರನ್ನು ಕೂಡು, ಸತ್ತವರನ್ನು ಕಳೆ,
ಬಂದವರು ಹೋದವರಿಗೆ ಬೇರೆಯೇ ಒಂದು ಸೂತ್ರ,
ಸೂತ್ರಕ್ಕೂ ಹತ್ತಿರಹತ್ತಿರ ನನ್ನಷ್ಟೇ ವಯಸ್ಸು.

ಮಣಿಪಾಲದ ಗುಡ್ಡದ ಮೇಲೆ, ಎರಡನೇ ಮಹಡಿಯಲ್ಲಿ,
ಮೂವತ್ತನಾಲ್ಕು ವರ್ಷ ನಾನು ಜನರನ್ನು
ಐದೈದು ವರ್ಷದ ಡಬ್ಬಿಗಳಿಗೆ ತುಂಬಿದೆ.
ಸೊನ್ನೆಯಿಂದ ನಾಲ್ಕು. ಐದರಿಂದ ಒಂಬತ್ತು.
ಎಂಬತ್ತು ದಾಟಿದವರಿಗೆ ಡಬ್ಬಿಯಿಲ್ಲ,
ಎಲ್ಲರೂ ಒಂದೇ ಗೋಣಿಗೆ: ‘ಎಂಬತ್ತು ಮತ್ತು ಮೇಲ್ಪಟ್ಟು’.

ಕಡೆಕಾರಿನ ಅಪ್ಪಿ ಮೆಂಡನ್ ಆ ಗೋಣಿಯಲ್ಲಿದ್ದಾರೋ ಇಲ್ಲವೋ.
ಒಮ್ಮೆ ಸಮೀಕ್ಷೆಗೆ ಹೋದಾಗ, ಬಂಗುಡೆ ಕೊಯ್ಯುತ್ತಲೇ,
“ವಯಸ್ಸಾ? ಎಪ್ಪತ್ತೈದು ಬರ್ಕೊ.
ಹೋದ ಸಲ ಬಂದವನಿಗೂ ಅಷ್ಟೇ ಹೇಳಿದ್ದು,
ಮಾತು ಬದಲಿಸಬಾರದಲ್ಲ ಮಾರಾಯ್ತಿ.”

ಸೊನ್ನೆಯ ಮೇಲೆ, ಐದರ ಮೇಲೆ ಜನ ಹೀಗೆ ಬಂದು ಕೂರುತ್ತಾರೆ,
ಕರೆಂಟಿನ ತಂತಿಯ ಮೇಲೆ ಕಾಗೆಗಳು.
ನಾವು ಹುಶ್ ಅಂದು ಚದುರಿಸುತ್ತೇವೆ
ಎಪ್ಪತ್ತಮೂರಕ್ಕೆ ಒಂದಿಷ್ಟು, ಎಪ್ಪತ್ತಾರಕ್ಕೆ ಒಂದಿಷ್ಟು.
ಕಚೇರಿಯಲ್ಲಿ ಇದಕ್ಕೆ ನಯಗೊಳಿಸುವುದು ಎಂದು ಹೆಸರು.

ಹೆಂಗಸರ ಅಂಕಣ ನಮ್ಮಲ್ಲಿ ಯಾವಾಗಲೂ ತುಸು ಭಾರ.
ಮೇಲಿನವರು ಫೋನ್ ಮಾಡಿ ಜಿಲ್ಲೆಯನ್ನು ಹೊಗಳುತ್ತಾರೆ.
ಹೆಣ್ಣು ಹೆಚ್ಚಿದ್ದಲ್ಲ ಸಾರ್,
ಗಂಡು ಮುಂಬಯಿಯ ಹೋಟೆಲಲ್ಲಿ ತಟ್ಟೆ ಎಣಿಸುತ್ತಿದ್ದಾನೆ
ಎನ್ನಲು ಬಾಯಿ ತೆರೆದವಳು
“ಥ್ಯಾಂಕ್ಯೂ ಸಾರ್” ಅಂದೆ.

ದಶಾಂಶಗಳ ಮಾತೇ ಬೇಡ.
ಪಾಯಿಂಟ್ ಆರು ಇದ್ದರೆ ಒಂದು ಜೀವ.
ಪಾಯಿಂಟ್ ನಾಲ್ಕು ಇದ್ದರೆ, ಪಾಪ.

ಇವತ್ತು ಜೂನ್ ಮೂವತ್ತು. ನನಗೆ ಅರವತ್ತಾಯಿತು,
ಬೀಳ್ಕೊಟ್ಟರು. ಹಾರ ಬ್ಯಾಗಿಗೆ ತುರುಕಿ
ಮನೆಯ ಬಸ್ಸು ಬಿಟ್ಟು ಮಲ್ಪೆಯ ಬಸ್ಸು ಹತ್ತಿದೆ.
ಸೂತ್ರಕ್ಕೆ ಬೇಕಾಗಿರಲಿಲ್ಲ. ಮೀನೂ ಇರಲಿಲ್ಲ.

ದಕ್ಕೆಯಲ್ಲಿ ಬೋಟುಗಳು ಭುಜಕ್ಕೆ ಭುಜ ತಾಗಿಸಿ ಸುಮ್ಮನಿದ್ದವು.
ಮಂಜುಗಡ್ಡೆಯ ಕಾರ್ಖಾನೆಗೆ ಬೀಗ.
ಜಾರ್ಖಂಡಿನವರು, ಒಡಿಶಾದವರು, ಅಂಕೋಲೆಯ ಕಡೆಯವರು,
ಹತ್ತು ತಿಂಗಳು ಇಲ್ಲಿ ಉಂಡು, ಇಲ್ಲಿ ಜಗಳಾಡಿ,
ಇಲ್ಲಿನ ಜ್ವರ ಹಿಡಿಸಿಕೊಂಡು,
ಕಡಲಿಗೆ ರಜೆ ಸಿಕ್ಕ ಕೂಡಲೇ ರೈಲು ಹತ್ತಿದ್ದಾರೆ.
ಆಗಸ್ಟಿಗೆ ಬರುತ್ತಾರೆ.
ನಮ್ಮ ತಾರೀಕು ಜುಲೈ ಒಂದು.

ಮೂವತ್ತನಾಲ್ಕು ಸಲ ನಾನು ಖಾಲಿ ಬಂದರನ್ನು ಎಣಿಸಿದ್ದೇನೆ.

ನಾಳೆಯಿಂದ ನಾನು ಅರವತ್ತು–ಅರವತ್ತನಾಲ್ಕರ ಡಬ್ಬಿ, ಹೆಣ್ಣು, ಉಡುಪಿ ತಾಲೂಕು.
ಸೊನ್ನೆಯ ಮೇಲೆ ಕೂತರೂ ನನ್ನದು ಅಸಲಿ ಅರವತ್ತು.
ನನ್ನ ಕುರ್ಚಿಗೆ ಬಂದ ಹುಡುಗಿ ನಯಗೊಳಿಸುವಾಗ
ಐವತ್ತೊಂಬತ್ತಕ್ಕೆ ತಳ್ಳಿದರೆ ತಕರಾರಿಲ್ಲ.

ಬಲೆ ಹೊಲಿಯುತ್ತಿದ್ದ ದೂಮಣ್ಣ ತಲೆ ಎತ್ತಿದ.
“ಆಫೀಸಿನವರಲ್ವಾ? ಆ ಸುಕ್ರಾ ಮುಂಡನ ನಂಬರು ಉಂಟಾ?
ಚಪ್ಪಲಿ ಬೋಟಲ್ಲೇ ಬಿಟ್ಟು ಹೋಗಿದ್ದಾನೆ.”
ನೋಡಿದೆ. ನೀಲಿ ಪಟ್ಟಿ, ಹಿಮ್ಮಡಿ ಸವೆದದ್ದು,
ಮಳೆ ತಾಗದ ಹಾಗೆ ಮೊಳೆಗೆ ಸಿಕ್ಕಿಸಿದ್ದರು.

“ಪ್ರಾಯ ಎಷ್ಟು?” ಬಾಯಿ ತನ್ನಷ್ಟಕ್ಕೆ ಕೇಳಿತು.
“ಇಪ್ಪತ್ತೆರಡೋ ಏನೋ,” ಅಂದ ದೂಮಣ್ಣ,
ಹಲ್ಲಿನಲ್ಲಿ ದಾರ ಕಡಿಯುತ್ತ.