ಸಪ್ಪೆ

ತಲೆಯ ಮೇಲೆ ಬಂಡೆ, ಬಂಡೆಯ ಮೇಲೆ ಬಾಸ್ಫರಸ್,
ಅದರ ಮೇಲೆ ಉಸ್ಕುದಾರಿಗೆ ಹೊರಟ ಹಡಗು,
ಹಡಗಿನಲ್ಲಿ ಯಾರದೋ ಅರ್ಧ ಕುಡಿದ ಚಹಾ.

ಸತಿಲ್ಮಿಶನ ಅಪ್ಪ ಜೊಂಗುಲ್ದಾಕಿನ ಗಣಿಯಲ್ಲಿ
ಅಗೆದದ್ದೆಲ್ಲ ಇಸ್ತಾಂಬುಲ್ಲಿನ ಒಲೆಗಳಲ್ಲಿ ಉರಿದುಹೋಯಿತು,
ಎದೆಯಲ್ಲಿ ಕೂತದ್ದೊಂದು ಉಳಿಯಿತು.
ಮಗ ಅಗೆಯುವುದು ಬರೀ ಖಾಲಿ;
ನಾಳೆ ಇಲ್ಲಿ ಸಿಹಿನೀರು ಹರಿಯಬೇಕು,
ಉಪ್ಪಿನ ಕಡಲಿಗೆ ಗೊತ್ತಾಗದ ಹಾಗೆ.

ತಟಕ್.
ಯಂತ್ರ ನಿಲ್ಲಿಸಿದರು. ಹನ್ನೊಂದು ಮಂದಿ, ಹನ್ನೊಂದು ದೀಪ
ಗೋಡೆಯ ಆ ಒಂದೇ ಹನಿಯ ಮೇಲೆ.
ಬೆರಳಿಗೆ ತಗುಲಿಸಿ ನಾಲಿಗೆಗಿಟ್ಟ:
ಉಪ್ಪು.

ಯಾರೂ ಮಾತಾಡಲಿಲ್ಲ.
ಹಾಲಿತ್ ಬಾಟಲಿಯ ನೀರು ಸುರಿದು
ಅವನ ಬೆರಳು ತೊಳೆದ, ಮಗುವಿನ ಕೈ ತೊಳೆದಂತೆ.
ಇನ್ನೊಮ್ಮೆ.
ಸಪ್ಪೆ. ಬಂಡೆಯದು.
ಉಪ್ಪು ಅವನದೇ ಬೆವರಿನದು.

ನಕ್ಕರು, ಒಬ್ಬ ಅತ್ತ. ಯಂತ್ರ ಗುಡುಗಿತು.
ಮೇಲೆ ಚಹಾದಲ್ಲಿ ಸಣ್ಣದೊಂದು ಉಂಗುರ;
ಅಲೆಯಿರಬೇಕು ಎಂದುಕೊಂಡು ಕುಡಿದಳು.