ಇಬ್ಬರ ಟೆಂಟು

ನಾಪೋಕ್ಲಿನಲ್ಲಿ ಕರಿಮೆಣಸು ಕೊಳ್ಳುವ ಅಂಗಡಿ.
ಮೂಟೆಗಳ ಸಾಲಿನಲ್ಲಿ ನಿಂತು ನನ್ನ ಟೆಂಟನ್ನೂ ತೂಗಿಸಿದೆ.
ಎರಡು ಕಿಲೋ ಮುನ್ನೂರ ನಲವತ್ತು.
"ತೇವ ಎಷ್ಟು?" ಅಂದ ಸಾಹುಕಾರ, ಅಭ್ಯಾಸಬಲ.

ತೇವ ಇತ್ತು, ಸುಳ್ಳೇಕೆ.
ಹೋದ ನವೆಂಬರಿನದು, ಮಡಿಕೆಗಳೊಳಗೆ:
ಇಬ್ಬರ ಉಸಿರು ರಾತ್ರಿಯಿಡೀ ಬಟ್ಟೆಗೆ ಹತ್ತಿ
ಹನಿಗೂಡಿ ಮೂಗಿನ ಮೇಲೆ ಬಿದ್ದದ್ದು.

ಆಗ ಇದು ಇಷ್ಟು ಭಾರವಿರಲಿಲ್ಲ.
ಬಟ್ಟೆ ನನ್ನ ಸೈಕಲ್ಲಿಗೆ, ಕಡ್ಡಿ, ಗೂಟ ಚೋಂದಮ್ಮನದಕ್ಕೆ.
ಏರಿನಲ್ಲೂ ಅವಳೇ ಮುಂದೆ, ಇಳಿಜಾರಿನಲ್ಲೂ ಅವಳೇ.
ನಾನು ಹೋಗಿ ಸೇರುವ ತನಕ
ಅವಳಿಗೂ ಮನೆಯಿಲ್ಲ, ನನಗೂ ಇಲ್ಲ.

ಈಗ ಅವಳ ಮಂಡಿಯಲ್ಲಿ ಎರಡು ಸ್ಕ್ರೂ.
ಮೆಟ್ಟಿಲನ್ನೂ ಡಾಕ್ಟರು ಎಣಿಸಿ ಕೊಟ್ಟಿದ್ದಾರೆ.
ಕಡ್ಡಿಗಳು ವಾಪಸು ಬಂದವು,
ಬಾಳೆನಾರಿನಲ್ಲಿ ಕಟ್ಟಿ, ಚೀಟಿಯಿಲ್ಲದೆ.

ಜೋಲಿ ಆದೀತೆ? ಎರಡು ಮರ ಬೇಕು.
ಇಲ್ಲಿ ಸಾವಿರ ಇವೆ, ಒಂದೊಂದಕ್ಕೂ
ಮೆಣಸಿನ ಬಳ್ಳಿ ತೆಕ್ಕೆಬಿದ್ದಿದೆ.
ಅದರ ಮೇಲೆ ಹಗ್ಗ ಬಿಗಿದರೆ
ಈ ಸಾಹುಕಾರನೂ ನನ್ನನ್ನು ಮಾತಾಡಿಸಲಾರ.

ಮಲಗುವ ಚೀಲಕ್ಕೇ ಮಾಡು ಹೊಲಿದಂಥ ಗೂಡು?
ಮೈಸೂರಿನ ಅಂಗಡಿಯಲ್ಲಿ ಒಳಗೆ ತೂರಿ ಜಿಪ್ಪು ಎಳೆದೆ.
ಹತ್ತು ಎಣಿಸುವಷ್ಟರಲ್ಲಿ ಹೊರಗೆ ಬಂದೆ.

ಕಾಫಿ ಕಣದ ನೀಲಿ ಟಾರ್ಪಾಲು ನಾಲ್ಕು ಕಿಲೋ,
ಹಣ್ಣಿನ ಹುಳಿವಾಸನೆ ಬೇರೆ.
ಇಲಿಗಳು ಒಪ್ಪಿದ್ದವು. ನಾನು ಒಪ್ಪಲಿಲ್ಲ.

ಕೊನೆಗೆ ಮೊಯ್ದು ಟೈಲರ್.
ಸೂಜಿ ನಿಲ್ಲದ ನುಣುಪು ಬಟ್ಟೆಯನ್ನು
ಬೈದುಕೊಂಡೇ ಹೊಲಿದ.
"ಬಾಗಿಲು ಯಾವ ಕಡೆ?"
ಬಾಗಿಲಿಲ್ಲ.
"ಗೋಡೆ?"
ಅದೂ ಇಲ್ಲ.
"ಹಾಗಾದರೆ ಬರೀ ಮಾಡು," ಅಂದ.
ಮಾಡಿಗಷ್ಟೇ ಕೂಲಿ ಹಿಡಿದ.
ನಾನೂರ ಹತ್ತು ಗ್ರಾಂ. ಮೂರು ಕಿತ್ತಳೆಯ ತೂಕ.

ಪೇರೂರಿನ ಕೆಳಗೆ, ಕೇಳಿಕೊಂಡೇ, ಒಂದು ಪಾಳುಗದ್ದೆಯಲ್ಲಿ
ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿದೆ.
ಮುಂಚಕ್ರವೇ ಕಂಬ.
ಬಿಗಿದ ಹುರಿ ಮೀಟಿದರೆ ಸಣ್ಣಗೆ ಗುಂಯ್‌ಗುಟ್ಟಿತು.
ಒಂದು ಕಪ್ಪೆ ಒಳಬಂದು, ಕೂತು, ಎದ್ದು ಹೋಯಿತು.
ತಟ್ಟಲಿಲ್ಲ. ಏನನ್ನು ತಟ್ಟೀತು?

ನಡುರಾತ್ರಿ ಹೂಮಳೆ.
ಇಡೀ ಸೀಮೆ ಇಪ್ಪತ್ತು ದಿನದಿಂದ ಮುಗಿಲು ನೋಡಿ ಬೇಡಿದ್ದು,
ನಾನೊಬ್ಬಳು ಇವತ್ತು ಬೇಡ ಅಂದದ್ದು.
ನೆಟ್ಟಗೆ ಬೀಳದೆ ಓರೆ ಹೊಡೆಯಿತು.
ಹೊರಗುಳಿದ ಹಿಂಚಕ್ರ ಗಾಳಿಗೆ
ಟಿಕ್ ಟಿಕ್ ಎಂದು ತಾನೇ ಉರುಳುತ್ತಿತ್ತು,
ಯಾರೋ ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಹೋಗುತ್ತಿರುವ ಹಾಗೆ.

ಬೆಳಕಾದ ಮೇಲೆ ನೋಡಿದೆ.
ನಾಲ್ಕು ವರ್ಷದ ರೂಢಿ,
ಎಡಬದಿಗೇ ಒತ್ತಿಕೊಂಡು ಮಲಗಿದ್ದೆ.
ಬಲಬದಿ ಪೂರಾ ನೀರು.

ಕಕ್ಕಬ್ಬೆಯ ತಿರುವಿನಲ್ಲಿ ಸಿಗ್ನಲ್ ಸಿಕ್ಕಿತು.
"ನೆನೆದೆಯಾ?"
"ಇಲ್ಲ. ನಿನ್ನ ಜಾಗ ಮಾತ್ರ."
ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು,
"ಗೂಟ ಎಣಿಸಿದೆಯಾ?" ಅಂದಳು.

ಎಣಿಸಿದೆ. ಎಂಟರಲ್ಲಿ ಏಳಿದ್ದವು.
ಸೈಕಲ್ಲು ತಿರುಗಿಸಿದೆ.