ಸ್ವಂತ ವಾಕ್ಯದಲ್ಲಿ ಬಳಸಿರಿ

ಶಹಾಬಾದಿನ ಫರಸಿ ಹಾಸಿದ ಕೋಣೆ, ಏಳನೇ ತರಗತಿ, 'ಬ' ವಿಭಾಗ.
ಬೋರ್ಡಿನ ಮೇಲೆ ಐದು ಪದ ಬರೆದೆ.
ನಾಲ್ಕನೆಯದು: ಪೆಚ್ಚು.

'ಹಂಗಂದ್ರೇನ್ರಿ ಟೀಚರ್?' ಎಂದಿತು ಹಿಂದಿನ ಸಾಲು.
ಗೈಡಿನಲ್ಲಿದ್ದದ್ದನ್ನೇ ಒಪ್ಪಿಸಿದೆ:
ಆಸೆ ಕೆಟ್ಟಾಗ ಹುಟ್ಟುವ ನಾಚಿಕೆ.
ಮೂವತ್ತೆಂಟು ಮುಖ, ಒಂದರಲ್ಲೂ ದೀಪ ಹತ್ತಲಿಲ್ಲ.
'ಮಾರಿ ಸಣ್ಣ ಆಗೂದು' ಎಂದೆ.
'ಹಾಂ, ಅದಾ!' ಎಂದರು,
ತಲೆ ಬಗ್ಗಿಸಿ ಬರೆಯತೊಡಗಿದರು.

ರಾತ್ರಿ ಊಟವಾದ ಮೇಲೆ
ಮಡಿಲಲ್ಲಿ ವಹಿಗಳ ಗುಡ್ಡೆ, ಕೈಯಲ್ಲಿ ಕೆಂಪು ಪೆನ್ನು.

ಮುನೀರ್ ಬರೆದಿದ್ದ:
ನನ್ನ ಪತಂಗಕ್ಕೂ ಗೌಸನ ಪತಂಗಕ್ಕೂ ಪೆಚ್ಚು ಬಿತ್ತು.
ಅದು ಪೇಚು, ಮಗನೇ.
ಒತ್ತು ತೆಗೆದೆ, ದೀರ್ಘ ಎಳೆದೆ.
ದಾರ ಕಡಿದ ಮೇಲೆ ಮಾಳಿಗೆಯಲ್ಲಿ ನಿಂತ ಗೌಸನ ಮುಖಕ್ಕೆ
ನಾನು ಕೊಟ್ಟ ಪದವೇ ಬೇಕಾಗುತ್ತಿತ್ತಲ್ಲ ಅನಿಸಿ
ಕಾಲು ಅಂಕ ಹಾಕಿದೆ.

ಸಾಯಬಣ್ಣ: ನಮ್ಮವ್ವ ಉಳ್ಳಾಗಡ್ಡಿ ಪೆಚ್ಚಿದಳು.
ಸೊನ್ನೆ ಸುತ್ತಲು ಹೋದ ಕೈ ನಿಂತಿತು.
ಪಾಲು ಹಾಲಾಗಿ, ಪೂ ಹೂವಾಗಿ
ಸಾವಿರ ವರ್ಷವಾಯಿತು; ಇವನಿಗೆ ಸುದ್ದಿ ಮುಟ್ಟಿಲ್ಲ.
ಸಾಲಿಗೂ ತಡವಾಗಿಯೇ ಬರುತ್ತಾನೆ.

ಉಳಿದಂತೆ, ಹದಿನಾರು ವಹಿಗಳಲ್ಲಿ
ರಾಮನು ಪೆಚ್ಚಾದನು.
ಯಾಕೆಂದು ಒಬ್ಬರೂ ಬರೆದಿಲ್ಲ.
ಹದಿನಾರು ಸರಿ ಗುರುತು ಹಾಕಿದೆ,
ನನಗೂ ಕೇಳುವ ವ್ಯವಧಾನವಿರಲಿಲ್ಲ.

ಕೊನೆಯಿಂದ ಮೂರನೆಯದಕ್ಕೆ ಸಿಮೆಂಟ್ ಚೀಲದ ಕಾಗದದ ಹೊದಿಕೆ.
ಭಾಗ್ಯವಂತಿ ಕೆ.

ಭಾಗ್ಯವಂತಿ ಅಂತ ಕರೆದರು. ನಾನು ಎದ್ದೆ.
ಮೂರು ಫರಸಿ ದಾಟಿದೆ.
ಕರೆದದ್ದು ಭಾಗ್ಯವಂತಿ ಎಸ್.ಗೆ.
ನಾನು ನೀರು ಕುಡಿಯಲು ಎದ್ದವರಂಗ ಕೊಡದ ಹತ್ತಿರ ಹೋದೆ.
ಕೊಡ ಖಾಲಿ ಇತ್ತು. ಆದರೂ ಕುಡಿದೆ.
ಪೆಚ್ಚು.

ಒಂದು ವಾಕ್ಯ ಕೇಳಿದರೆ ಇಷ್ಟು.
ಕೊನೆಯದಕ್ಕೆ ಕ್ರಿಯಾಪದವಿಲ್ಲ, ಪೆಚ್ಚಾದೆನು ಎಂದಿರಬೇಕು.
ಅರ್ಧ ಅಂಕ ಕಳೆದೆ. ರೂಢಿ.
ಪೆನ್ನಿಗೆ ಮುಚ್ಚಳ ಹಾಕುವಾಗ ಹೊಳೆಯಿತು,
ಕರೆದವಳು ನಾನೇ.
ಅಕ್ಷರ ದುಂಡಗಿವೆ ಎಂದು ಎಸ್.ಗೆ ಕಂಪಾಸ್ ಪೆಟ್ಟಿಗೆ ಕೊಟ್ಟ ದಿನ.
ಎಲ್ಲರಿಂದ ಚಪ್ಪಾಳೆ ತಟ್ಟಿಸಿದ್ದೆ.
ಖಾಲಿ ಕೊಡದ ತಳಕ್ಕೆ ಗ್ಲಾಸು ತಾಗಿದ್ದು
ಆ ಸದ್ದಿನಲ್ಲಿ ಹೇಗೆ ಕೇಳೀತು?

ಕಳೆದ ಅರ್ಧವನ್ನು ಮತ್ತೆ ಕೂಡಿಸಿದೆ.
ಪುಟವೆಲ್ಲ ಕೆಂಪು ಗೀಚಾಯಿತು.

ಮರುದಿನ ಹಾಜರಿ ಮುಗಿದದ್ದೇ ತಡ,
ಸಾಲ ತೀರಿಸುವವಳ ಅವಸರದಲ್ಲಿ ಹೇಳಿದೆ:
'ಚಂದ ಬರದಾಕಿ ಒಬ್ಬಾಕಿ ಇದ್ದಾಳ.
ಮುಂದ ಬಂದು ಓದವಾ, ಭಾಗ್ಯವಂತಿ.'

ಎಸ್. ಎದ್ದಳು.
ಆಗಲೇ ಮೂರು ಫರಸಿ ದಾಟಿದ್ದಳು,
ಎದೆಗವಚಿದ ವಹಿ, ಮುಖದ ತುಂಬ ನಗು.
ಕೆ. ಎದ್ದಿರಲಿಲ್ಲ.
ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದಳು,
ಬಿಟ್ಟರೆ ಬೆಂಚೇ ಎದ್ದು ಹೋದೀತು ಎಂಬಂತೆ.

'ನೀ ಅಲ್ಲವಾ, ಆಕಿ' ಎನ್ನಬೇಕಿತ್ತು.
ಬಾಯಿ ತೆರೆದೆ. ಹೊರಗೆ ಗೂಡ್ಸ್ ಗಾಡಿ ಬಂತು.
ಅದು ದಾಟುವವರೆಗೆ ಈ ಓಣಿಯಲ್ಲಿ ಯಾರೂ ಮಾತಾಡುವುದಿಲ್ಲ.
ಐವತ್ತೆಂಟು ಡಬ್ಬಿ. ಕಿಟಕಿಯತ್ತ ನೋಡುತ್ತ ಎಣಿಸಿದೆ.
ತಿರುಗಿದಾಗ
ಎಸ್. ನನ್ನನ್ನು ನೋಡುತ್ತಿದ್ದಳು, ಆಮೇಲೆ ಕೆ.ಯನ್ನು,
ಆಮೇಲೆ ಎದೆಯ ವಹಿಯನ್ನು ಮೆಲ್ಲಗೆ ಕೆಳಗಿಳಿಸಿ
ಮೂಲೆಯ ಕೊಡದ ಕಡೆ ಹೊರಳಿದಳು.

ಕೆ. ಕೂತಲ್ಲಿಂದಲೇ ಅಂದಳು,
'ಅದರಾಗ ನೀರಿಲ್ಲ.'

ಕೊಡ ಎತ್ತಿಕೊಂಡು ನಳದತ್ತ ಹೊರಟವಳು ನಾನು.